ಹನ್ನೊಂದು ತೊಟ್ಟಿಲು

ನಮ್ಮತ್ತೆಯ ಕೈಗೆ ಕಸೂತಿ ಹಾಕಿದ ಬಟ್ಟೆ ಏನೇ ಕೊಡಿ, ಮೊದಲು ಅದನ್ನು ತಿರುವಿ ಹಾಕುತ್ತಾರೆ. ನವಿಲು, ಗೋಪುರ, ಬಣ್ಣ ಎಲ್ಲ ಆಮೇಲೆ. ಹಿಂಬದಿಯಲ್ಲಿ ಗಂಟು ಕಂಡಿತೋ, ಮುಂಬದಿ ನೋಡುವುದೇ ಇಲ್ಲ, ಮಡಚಿ ವಾಪಸ್. ಮದುವೆಯಾದ ಹೊಸದರಲ್ಲಿ ನಾನು ಎಕ್ಸಿಬಿಷನ್ನಿನಿಂದ ಆಸೆಪಟ್ಟು ತಂದಿದ್ದ ಕುಶನ್ ಕವರಿಗೆ ಇದೇ ಗತಿಯಾಗಿತ್ತು. "ಚಂದ ಐತಿ ಬಿಡು" ಅಂದಿದ್ದರು. ಧಾರವಾಡದವರ ಆ "ಬಿಡು"ವಿನಲ್ಲಿ ಎಷ್ಟೆಲ್ಲ ಇರುತ್ತದೆ ಅಂತ ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು. ನಾನು ತಿಪಟೂರಿನವಳು.

ದೀಪಾವಳಿ ಮುಗಿಸಿಕೊಂಡು ಅತ್ತೆ ಬೆಂಗಳೂರಿಗೆ ಬಂದರು, ಎರಡೂ ಕಣ್ಣಿನ ಪೊರೆ ತೆಗೆಸಲು. ಒಂದು ಕಣ್ಣಾಗಿ ಎರಡು ವಾರಕ್ಕೆ ಇನ್ನೊಂದು. ಬ್ಯಾಗಿನಲ್ಲಿ ನಾಲ್ಕು ಸೀರೆ, ಒಂದು ಡಬ್ಬಿ ಶೇಂಗಾ ಚಟ್ನಿ ಪುಡಿ, ಮತ್ತೆ ಬಿಳಿ ಪಂಚೆಯಲ್ಲಿ ಸುತ್ತಿದ ಒಂದು ಕಪ್ಪು ಇಳಕಲ್ ಸೀರೆ. ನಾದಿನಿಯ ಮಗಳಿಗೆ ಸಂಕ್ರಾಂತಿಗೆ ಉಡಿಸಲು. ಹಬ್ಬಕ್ಕೆ ಕಪ್ಪೇ ಅಂತ ನಮ್ಮ ಕಡೆಯವರು ಹುಬ್ಬೇರಿಸುತ್ತಾರೆ, ಅವರ ಕಡೆ ಸಂಕ್ರಾಂತಿಗೆ ಕಪ್ಪೇ ಆಗಬೇಕು. ಹುಡುಗಿ ಬಸುರಿ. ಅದಕ್ಕೇ ಕೆಂಪು ಸೆರಗಿಗೆ ತಾಗಿದ ಹಾಗೆ ಕಪ್ಪು ಒಡಲಿನ ಮೇಲೆ ಸಾಲಾಗಿ ತೊಟ್ಟಿಲುಗಳು. ಒಟ್ಟು ಹನ್ನೊಂದು ಬರಬೇಕು, ಆರು ಆಗಿತ್ತು.

ಆಪರೇಷನ್ ಆದ ಮೇಲೆ ಬಗ್ಗುವ ಹಾಗಿಲ್ಲ, ತಲೆಗೆ ನೀರು ಹಾಕುವ ಹಾಗಿಲ್ಲ, ದಿನಕ್ಕೆ ಇಷ್ಟು ಸಲ ಡ್ರಾಪ್ಸ್, ಒಂದು ಬಾಟಲಿಗೂ ಇನ್ನೊಂದಕ್ಕೂ ನಡುವೆ ಐದು ನಿಮಿಷ ಬಿಡಬೇಕು. ಇದನ್ನೆಲ್ಲ ಅತ್ತೆ ಸಹಿಸಿಕೊಂಡರು. ದೂರದ್ದು ಮರುದಿನದಿಂದಲೇ ನಿಚ್ಚಳ. ಹತ್ತಿರದ್ದಕ್ಕೆ ಮಾತ್ರ ಕನ್ನಡಕ ಬೇಕು, ಅದು ಎರಡೂ ಕಣ್ಣು ಮಾಗಿದ ಮೇಲೇ. ಅಂದರೆ ಜನವರಿ. ಸೂಜಿಗೆ ದಾರ ಪೋಣಿಸುವುದಂತೂ ದೂರದ ಮಾತು. ಮೂರನೇ ದಿನ ಸೋಫಾದಲ್ಲಿ ಕೂತು, ನನ್ನ ಕಡೆ ನೋಡದೆ, ಫ್ಯಾನಿಗೆ ಹೇಳುವವರ ಹಾಗೆ ಹೇಳಿದರು: "ಇನ್ನ ಐದು ತೊಟ್ಟಲಾ ಉಳದಾವು."

ಮನೆಯಿಂದಲೇ ಕೆಲಸ ಮಾಡುವ ಸೊಸೆ ಇನ್ನೆಲ್ಲಿಗೆ ಓಡಿಹೋಗುತ್ತಾಳೆ!

ಮೊದಲ ಎರಡು ವಾರ ಸೀರೆ ಮುಟ್ಟಲು ಬಿಡಲಿಲ್ಲ. ಎಳೆ ದಪ್ಪಗಿರುವ ಮ್ಯಾಟಿ ಬಟ್ಟೆಯ ತುಂಡು, ಮೊಂಡು ಮೂತಿಯ ಸೂಜಿ, ಒಂದು ಲಡಿ ಆ್ಯಂಕರ್ ದಾರ. ಲಡಿಯಲ್ಲಿ 6 ಎಳೆ ಹೊಸೆದಿರುತ್ತದೆ, ಮ್ಯಾಟಿಗೆ ಎರಡು ಬಿಡಿಸಿಕೊಳ್ಳಬೇಕು, ಸೀರೆಗಾದರೆ ಒಂದೇ. ಪೆನ್ಸಿಲ್ಲಿನಿಂದ ಡಿಸೈನ್ ಬರೆದುಕೊಳ್ಳೋಣ ಅಂತ ಹೊರಟೆ. ಕೈ ಮೇಲೆ ಒಂದು ಏಟು ಬೀಳುವುದೊಂದು ಬಾಕಿ. ಕಸೂತಿಗೆ ಗೆರೆ ಎಳೆಯುವುದಿಲ್ಲ, ಬಟ್ಟೆಯ ಎಳೆ ಎಣಿಸಿ ಹಾಕುವುದು. ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ. ಮೂರಾಯಿತೋ ಐದಾಯಿತೋ, ಅಲ್ಲಿ ಗೊತ್ತಾಗುವುದಿಲ್ಲ, ಹತ್ತು ಹೊಲಿಗೆ ದಾಟಿ ಮೂಲೆ ಕೂಡಿಸಲು ಹೋದಾಗ ಗೊತ್ತಾಗುತ್ತದೆ. ಅಷ್ಟನ್ನೂ ಬಿಚ್ಚು.

ಕಸೂತಿಯಲ್ಲಿ ನಾಲ್ಕು ಬಗೆ. ಗವಂತಿ, ಮುರಗಿ, ನೇಗಿ, ಮೆಂತೆ. ಮುರಗಿ ಮೆಟ್ಟಿಲಿನ ಹಾಗೆ ಹತ್ತುತ್ತದೆ, ನೇಗಿ ನೇಯ್ದ ಹಾಗೇ ಕಾಣುತ್ತದೆ, ಮೆಂತೆ ಅಂದರೆ ಮೆಂತೆ ಕಾಳಿನ ಹಾಗೆ, ಒಂದಕ್ಕೊಂದು ಕತ್ತರಿ ಹಾಕಿದ ಪುಟ್ಟ ಪುಟ್ಟ ಗೀಟು, ಒಳಗೆ ತುಂಬುವುದಕ್ಕೆ. ತೊಟ್ಟಿಲಿಗೆ ಬೇಕಾದದ್ದು ಗವಂತಿ. ಗವಂತಿಯಲ್ಲಿ ಒಂದು ಹೊಲಿಗೆ ಹಾಕಿ, ಒಂದರಷ್ಟು ಜಾಗ ಬಿಟ್ಟು, ಮತ್ತೊಂದು ಹಾಕಿ, ಹೀಗೇ ಕೊನೆಯವರೆಗೆ ಹೋಗುವುದು. ಆಮೇಲೆ ತಿರುಗಿ ಬರುತ್ತ ಬಿಟ್ಟ ಜಾಗಗಳನ್ನೆಲ್ಲ ತುಂಬುವುದು. ಬಿಟ್ಟ ಜಾಗದಲ್ಲಿ ದಾರ ಹಿಂಬದಿಗೆ ಹೋಗಿರುತ್ತದಲ್ಲ, ಹಾಗಾಗಿ ವಾಪಸ್ ಬರುವಷ್ಟರಲ್ಲಿ ಮುಂದೆಯೂ ತುಂಬು ಗೆರೆ, ಹಿಂದೆಯೂ ತುಂಬು ಗೆರೆ. ಯಾವ ಮಗ್ಗುಲು ಸರಿ, ಯಾವುದು ತಿರುವು ಅಂತ ಹೇಳಲಿಕ್ಕಾಗಬಾರದು. ಗಂಟು ಹಾಕಿದರೆ ಆ ಗುಟ್ಟು ರಟ್ಟು. ದಾರದ ತುದಿಯನ್ನು ಹೊಲಿಗೆಯ ಅಡಿಯಲ್ಲೇ ಹಾಯಿಸಿ ಮುಚ್ಚಬೇಕು.

ಎರಡನೇ ದಿನ ಒಂದು ಗಂಟು ಹಾಕಿದೆ. ದಾರ ಪದೇ ಪದೇ ಕಿತ್ತು ಬರುತ್ತಿತ್ತು, ಮೀಟಿಂಗಿಗೆ ಹೊತ್ತಾಗಿತ್ತು, ಅತ್ತೆಗೆ ಹೇಗೂ ಹತ್ತಿರದ್ದು ಕಾಣುವುದಿಲ್ಲ. ಸಂಜೆ ಬಟ್ಟೆ ಕೇಳಿದರು. ಕಪ್ಪು ಕನ್ನಡಕದೊಳಗೆ ಕಣ್ಣು ಮುಚ್ಚಿಕೊಂಡೇ ಹಿಂಬದಿಯ ಮೇಲೆ ಉಂಗುರ ಬೆರಳು ಆಡಿಸಿದರು, ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ. ಬೆರಳು ನಿಂತಿತು. "ತಂಗಿ, ಇಲ್ಲೇನೋ ಕುಂತೈತಲ್ಲ." ನಾನು ಬಿಚ್ಚಿದೆ.

ಆಮೇಲೆ ಚೌಕದ ಕಥೆ. ಇದನ್ನು ಬರೆಯಲಿಕ್ಕೇ ಕೂತದ್ದು ನಾನು.

ಮೊದಲು ತ್ರಿಕೋನ ಹಾಕಿಸಿದರು. ಅಡ್ಡಕ್ಕೆ 3 ಹೊಲಿಗೆ, ಉದ್ದಕ್ಕೆ 3, ಓರೆಗೆ 3. "ಹೋದ ದಾರೀಲೇ ಬಾ" ಅಂದಿದ್ದರು. ನಾನು ಒಂದು ಸುತ್ತು ಹೋಗಿ, ಶುರು ಮಾಡಿದ ಮೂಲೆಗೆ ಬಂದು ಸೇರಿ, ಅದೇ ಭರದಲ್ಲಿ ಇನ್ನೊಂದು ಸುತ್ತು ಹೊಡೆದೆ. ಬಿಟ್ಟ ಜಾಗವೆಲ್ಲ ತುಂಬಿತು. ಬಹಳ ಜಾಣೆ ಅಂದುಕೊಂಡು ಮರುದಿನ ತುಳಸಿಕಟ್ಟೆಗೆ ಕೈ ಹಾಕಿದೆ. ಕಟ್ಟೆ ಅಂದರೆ ಒಂದು ಚೌಕ, ಬದಿಗೆ 3 ಹೊಲಿಗೆ. ಒಂದು ಸುತ್ತು ಆಯಿತು. ಎರಡನೇ ಸುತ್ತಿಗೆ ಸೂಜಿ ಹಾಕಿದರೆ, ಮೊದಲಿನ ಹೊಲಿಗೆಯ ಮೇಲೇ ಹೊಲಿಗೆ! ಮುಂದಿನದೂ ಅಷ್ಟೆ. ತುಂಬಿದ್ದೇ ತುಂಬುತ್ತಿದೆ, ಖಾಲಿ ಖಾಲಿಯಾಗೇ ಇದೆ. ಎಳೆ ಎಣಿಸಿದೆ, ಸರಿಯಾಗಿತ್ತು. ಬಿಚ್ಚಿ ಮತ್ತೆ ಹಾಕಿದೆ, ಮತ್ತೆ ಹಾಗೇ. ಮೂರು ಸಲ. ಅತ್ತೆ ಕೇಳಿಸಿಕೊಂಡು ಹೇಳಿದ್ದು ಇಷ್ಟೇ: "ಗಾಣದೆತ್ತಿನಂಗ ಸುತ್ತಿದ್ರ ಹೆಂಗ? ಹೋದ ದಾರೀಲೇ ಬಾ ಅಂದೇನಿ."

ಅರೆ, ನಿನ್ನೆ ಸುತ್ತಿದಾಗ ಬಂತಲ್ಲ?

ರಾತ್ರಿ ನಿದ್ದೆ ಬರಲಿಲ್ಲ. ಮಗಳ ಗಣಿತದ ಚೌಕುಳಿ ಪುಸ್ತಕ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟುಕೊಂಡು, ಚೌಕ ಬರೆದು ಹೊಲಿಗೆಗೆಲ್ಲ ನಂಬರು ಹಾಕಿದೆ. 1 ಮೇಲೆ, 2 ಕೆಳಗೆ, 3 ಮೇಲೆ, 4 ಕೆಳಗೆ. ಚೌಕಕ್ಕೆ ಒಟ್ಟು 12. ಹನ್ನೆರಡನೆಯದು ಕೆಳಗೆ. ಹದಿಮೂರನೆಯದು ಮತ್ತೆ ಮೇಲೆ, ಅದೂ ಒಂದನೆಯ ಜಾಗದಲ್ಲೇ! ಸುತ್ತಿನಷ್ಟೂ ದೂರ ಹಿಂದಿನದರ ತಲೆಯ ಮೇಲೇ ಕೂರುತ್ತ ಹೋಗುತ್ತದೆ. ತ್ರಿಕೋನಕ್ಕೆ 9. ಒಂಬತ್ತನೆಯದು ಮೇಲೆ, ಹತ್ತನೆಯದು ಕೆಳಗೆ, ಅಂದರೆ ಒಂದನೆಯ ಜಾಗದಲ್ಲಿ ಈಗ ಕೆಳಗೆ. ತಾನಾಗೇ ಅದಲುಬದಲು. ಬೆಸವಾದರೆ ಸುತ್ತು ನಡೆಯುತ್ತದೆ, ಸಮವಾದರೆ ನಡೆಯುವುದಿಲ್ಲ. ನಿನ್ನೆ ನನ್ನ ಜಾಣತನ ಏನೂ ಇರಲಿಲ್ಲ, 9 ಬೆಸವಾಗಿತ್ತು ಅಷ್ಟೆ.

ಇನ್ನು ಹೋದ ದಾರಿಯಲ್ಲೇ ಹಿಂದಿರುಗಿ ನೋಡಿದೆ. ಹದಿಮೂರನೆಯದು ಹನ್ನೆರಡರ ಜಾಗಕ್ಕೆ. ಅದು ಕೆಳಗಿತ್ತು, ಇದು ಮೇಲೆ. ಹದಿನಾಲ್ಕು ಹನ್ನೊಂದರ ಜಾಗಕ್ಕೆ. ಅದು ಮೇಲಿತ್ತು, ಇದು ಕೆಳಗೆ. ಎರಡರ ಮೊತ್ತ ಯಾವಾಗಲೂ 25. ಮೊತ್ತ ಬೆಸವಾದರೆ ಒಂದು ಸಮ, ಒಂದು ಬೆಸ ಇರಲೇಬೇಕು. ಚೌಕ ಬಿಟ್ಟು ಕೊಂಬೆ ಇರುವ ಗಿಡ ಬರೆದೆ. ದಾರಿಯಲ್ಲಿ ಕೊಂಬೆ ಸಿಕ್ಕಿದರೆ ಅದರ ತುದಿಗೆ ಹೋಗಿ, ಬುಡಕ್ಕೆ ಹಿಂದಿರುಗಿ, ಮುಂದಕ್ಕೆ ಹೋದರೂ ಲೆಕ್ಕ ಕೆಡುವುದಿಲ್ಲ. ಯಾಕೆಂದರೆ ಹೋಗಿ ಬರುವುದು ಯಾವಾಗಲೂ ಸಮ. ಎಂಥ ಗೋಪುರವಿರಲಿ, ಎಂಥ ತೇರಿರಲಿ, ಗೆರೆ ಕೂಡಿಕೊಂಡಿದ್ದರೆ ಸಾಕು, ಹೋದ ದಾರಿಯಲ್ಲೇ ಬಂದರೆ ಕೈಕೊಡುವುದೇ ಇಲ್ಲ. ರಾತ್ರಿ ಹನ್ನೆರಡೂವರೆಗೆ ಒಬ್ಬಳೇ ನಕ್ಕೆ. ನೀರು ಕುಡಿಯಲು ಬಂದ ಯಜಮಾನರು ಪುಸ್ತಕ ನೋಡಿ, ನನ್ನ ಮುಖ ನೋಡಿ, ಏನೂ ಕೇಳದೆ ಹೋದರು.

ಬೆಳಿಗ್ಗೆ ಅತ್ತೆಗೆ ಇದನ್ನೆಲ್ಲ ಸಂಭ್ರಮದಿಂದ ವಿವರಿಸಿದೆ. ಪೂರ್ತಿ ಕೇಳಿದರು. "ಅದನ್ನ ನಾ ಹೇಳಿದ್ದು" ಅಂದರು. ಡ್ರಾಪ್ಸ್ ಹಾಕುವ ಹೊತ್ತಾಗಿತ್ತು.

ಮಗಳು ಫೋನಿನಲ್ಲಿ ಹುಡುಕಿ ಇನ್ನೊಂದು ಸುದ್ದಿ ತಂದಳು. ಗವಂತಿಯಂಥದೇ ಹೊಲಿಗೆ ಯುರೋಪಿನಲ್ಲೂ ಉಂಟು, ಅದಕ್ಕೆ ಹೋಲ್ಬೈನ್ ಹೊಲಿಗೆ ಅಂತ ಹೆಸರು. ಹಾನ್ಸ್ ಹೋಲ್ಬೈನ್ ಇಂಗ್ಲೆಂಡಿನ ಎಂಟನೇ ಹೆನ್ರಿಯ ಆಸ್ಥಾನದಲ್ಲಿದ್ದ ಜರ್ಮನ್ ಚಿತ್ರಕಾರ. ಅವನು 1536ರ ಸುಮಾರಿಗೆ ಬರೆದ ರಾಣಿ ಜೇನ್ ಸೀಮೋರಳ ಚಿತ್ರ ವಿಯೆನ್ನಾದಲ್ಲಿದೆ. ಮಗಳು ರಾಣಿಯ ತೋಳಿನ ತುದಿಯನ್ನು ದೊಡ್ಡದು ಮಾಡಿ ತೋರಿಸಿದಳು. ಬಿಳಿ ಬಟ್ಟೆಯ ಮೇಲೆ ಕಪ್ಪು ದಾರದ ಬಳ್ಳಿ, ಹೌದು, ನಮ್ಮದರ ನೆಂಟಸ್ತಿಕೆ ಕಾಣುತ್ತದೆ. ಅತ್ತೆ ಫೋನನ್ನು ಕೈಯಳತೆ ದೂರ ಹಿಡಿದು ನೋಡಿ ಕೇಳಿದರು, "ಇದನ್ನ ಅಂವಾ ಹಾಕಿದ್ನೇನು?"

"ಇಲ್ಲ ಅಜ್ಜಿ, ಅವನು ಪೇಂಟ್ ಮಾಡಿದ್ದು."

"ಮತ್ತ ಹಾಕಿದಾಕಿ ಹೆಸರು ಎಲ್ಲಿ ಹೋತು?"

ಮಗಳ ಬಳಿ ಉತ್ತರವಿರಲಿಲ್ಲ.

ಡಿಸೆಂಬರಿನಲ್ಲಿ ಸೀರೆ ನನ್ನ ತೊಡೆಗೆ ಬಂತು. ಕಪ್ಪು ಬಟ್ಟೆಯ ಮೇಲೆ ಕಪ್ಪು ಎಳೆ ಎಣಿಸಿ ನೋಡಿದ್ದೀರಾ? ಮೊದಲ ದಿನ ತಲೆನೋವು ಬಂದು ಮಲಗಿದೆ. ಸೀರೆಗೆ ಸುತ್ತಿದ್ದ ಬಿಳಿ ಪಂಚೆ ಯಾಕೆ ಅಂತ ಆಗ ತಿಳಿಯಿತು. ಅದನ್ನು ತೊಡೆಯ ಮೇಲೆ ಹಾಸಿ, ಅದರ ಮೇಲೆ ಸೀರೆ ಇಟ್ಟುಕೊಂಡು ಕಿಟಕಿಯ ಬಳಿ ಕೂತರೆ ಎಳೆಗಳ ಸಂದಿನಿಂದ ಬಿಳುಪು ಇಣುಕುತ್ತದೆ. ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆ, ನಮ್ಮ ಬಾಲ್ಕನಿಯ ಬೆಳಕು ಅಷ್ಟೆ. ಎಷ್ಟೋ ಮೀಟಿಂಗುಗಳಲ್ಲಿ ಕ್ಯಾಮೆರಾ ಆಫ್ ಇಟ್ಟು ತೊಟ್ಟಿಲು ತೂಗಿದ್ದೇನೆ. ಒಂದೊಂದಕ್ಕೆ ನಾಲ್ಕೈದು ದಿನ.

ಅತ್ತೆ ಹಾಕಿದ್ದ ಆರನ್ನು ನೋಡಿಕೊಂಡು ಹಾಕಬೇಕಿತ್ತು. ಮೊದಲ ಮೂರು ಅಚ್ಚ ಬಿಳಿ. ನಾಲ್ಕನೆಯದರ ಹಗ್ಗ ಬಿಳಿ, ತೊಟ್ಟಿಲು ಮಾತ್ರ ತಿಳಿ ಹಳದಿ, ಕೆನೆಯ ಬಣ್ಣ. ಐದು, ಆರು ಪೂರ್ತಿ ಕೆನೆ. ಎಷ್ಟು ನಾಜೂಕು ಅನ್ನಿಸಿತು. ಕೇಳಿಯೂ ಕೇಳಿದೆ, "ಅತ್ತೆ, ಬಣ್ಣ ಹೇಗೆ?"

"ಹೆಂಗೈತೋ ಹಂಗ. ಅದನ್ನೇನು ಕೇಳ್ತಿ?"

ಹನ್ನೊಂದರಲ್ಲಿ ಆರನೆಯದು ನಡುವಿನದು. ಹಾಗಾದರೆ ಅಲ್ಲಿಂದ ಕನ್ನಡಿ ಹಿಡಿದ ಹಾಗೆ ಹಿಂದಿರುಗಬೇಕು ಅಂತ ಲೆಕ್ಕ ಹಾಕಿದೆ. ಏಳು ಕೆನೆ. ಎಂಟು ಬೆರಕೆ. ಒಂಬತ್ತು, ಹತ್ತು, ಹನ್ನೊಂದು ಬಿಳಿ. ಹೋದ ದಾರಿಯಲ್ಲೇ ಬರುವುದು ನನ್ನ ತಲೆಗೆ ಆಗಲೇ ಹತ್ತಿತ್ತು ನೋಡಿ.

ಈಗ ಯೋಚಿಸಿದರೆ ಸುಳಿವು ಮೊದಲೇ ಸಿಕ್ಕಿತ್ತು. ಮೊದಲ ಕಣ್ಣಿನ ಪಟ್ಟಿ ಬಿಚ್ಚಿದ ದಿನ ಮನೆಗೆ ಬಂದವರೇ ಹಾಲಿನ ನಡುವೆ ನಿಂತು, "ನಿಮ್ಮ ಮನಿ ಗ್ವಾಡಿ ಬೆಳ್ಳಗ ಐತೇನು?" ಅಂತ ಕೇಳಿದ್ದರು. ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ, ಒಂದೇ ಗೋಡೆ ಎರಡು ಕಣ್ಣಿಗೂ ಬೇರೆ ಬೇರೆ ಬಣ್ಣ ಅಂತ ಮೊಮ್ಮಗಳಿಗೆ ಹೇಳಿ ನಗಿಸಿದ್ದರು. ವಯಸ್ಸಾದ ಹಾಗೆ ಕಣ್ಣಿನೊಳಗಿನ ಮಸೂರ ಹಳದಿಗಟ್ಟುತ್ತದೆ, ಹೊಸದಾಗಿ ಕೂರಿಸುವುದು ತಿಳಿಯಾಗಿರುತ್ತದೆ. ನಾವೆಲ್ಲ ನಕ್ಕೆವು, ಡ್ರಾಪ್ಸ್ ಹಾಕಿದೆವು, ಊಟ ಮಾಡಿದೆವು.

ಜನವರಿ ಮೊದಲ ವಾರ ಕನ್ನಡಕ ಬಂತು. ಹಾಕಿಕೊಂಡವರೇ ಸೀರೆ ಕೇಳಿದರು. ತಿರುವಿ ಹಾಕಿದರು, ವಾಡಿಕೆಯಂತೆ. ಏಳರಿಂದ ಹನ್ನೊಂದರವರೆಗೆ ಹಿಂಬದಿ ನೋಡಿದರು, ಏನೂ ಅನ್ನಲಿಲ್ಲ. ನಾನು ಉಸಿರು ಬಿಟ್ಟೆ. ಆಮೇಲೆ ಮುಂಬದಿಗೆ ತಿರುಗಿಸಿದರು.

"ಅಯ್ಯ ಯವ್ವಾ, ನಡಕಿನವಕ್ಕ ಅರಿಶಿಣ ಹತ್ತೇತೇನು?"

"ಅರಿಶಿಣ ಅಲ್ಲ ಅತ್ತೆ, ದಾರಾನೇ ಆ ಬಣ್ಣ. ನೀವು ಹಾಕಿದ್ದ ಹಾಗೇ ಹಾಕಿದೀನಿ."

ದಾರದ ಡಬ್ಬಿ ತರಿಸಿದರು. ಎರಡು ಲಡಿ ಪಕ್ಕಪಕ್ಕ ಹಿಡಿದು ಕಿಟಕಿಗೆ ಹೋದರು. ನಾಲ್ಕನೇ ತೊಟ್ಟಿಲಿನ ಹಗ್ಗ ಮುಗಿಯುವಷ್ಟರಲ್ಲಿ ಬಿಳಿ ಲಡಿ ತೀರಿತ್ತು, ಡಬ್ಬಿಯಲ್ಲಿದ್ದ ಇನ್ನೊಂದು "ಬಿಳಿ" ತೆಗೆದುಕೊಂಡಿದ್ದರು. ಎರಡು ವರ್ಷದಿಂದ ಅವರಿಗೆ ಬಿಳಿಯೂ ಕೆನೆಯೂ ಒಂದೇ. ಎಷ್ಟೋ ಹೊತ್ತು ಮಾತಿಲ್ಲ. ಕತ್ತರಿ ಎಲ್ಲಿ ಅಂತ ಕೇಳುತ್ತಾರೆ ಅಂತ ನಾನು ಎದೆ ಹಿಡಿದುಕೊಂಡು ಕೂತಿದ್ದೆ. ಅತ್ತೆಯವೇ ಎರಡೂವರೆ, ನನ್ನವು ಒಂದೂವರೆ. ಹಬ್ಬಕ್ಕೆ ಒಂಬತ್ತು ದಿನ.

"ಇದನ್ನ ಹಿಂಗ ವಾಪಸ್ ತಂದೀಯಲ್ಲ," ಅಂತ ಎಂಟನೆಯದರ ಮೇಲೆ ಬೆರಳಿಟ್ಟರು, "ಯಾರು ಹೇಳಿದ್ರು ನಿನಗ?"

"ಯಾರೂ ಇಲ್ಲ. ನೀವು ಹಾಗೆ ಅಂದ್ಕೊಂಡಿದ್ದೀರಿ ಅಂದ್ಕೊಂಡೆ."

ಸೀರೆ ಮಡಚಿ ಪಂಚೆಯಲ್ಲಿ ಸುತ್ತಿದರು.

ಸಂಕ್ರಾಂತಿಯ ದಿನ ಮಧ್ಯಾಹ್ನ ಧಾರವಾಡದಿಂದ ವಿಡಿಯೊ ಕಾಲ್. ನಾವಿಲ್ಲಿ ಎಳ್ಳುಬೆಲ್ಲದ ತಟ್ಟೆ ಹಿಡಿದಿದ್ದೆವು, ಅಲ್ಲಿ ಕುಸುರೆಳ್ಳು. ಹುಡುಗಿ ಕಪ್ಪು ಸೀರೆಯಲ್ಲಿ ಹೊಟ್ಟೆ ಮುಂದೆ ಮಾಡಿಕೊಂಡು ನಿಂತು ಸೆರಗು ಹರಡಿ ತೋರಿಸುತ್ತಿದ್ದಳು. ಹಿಂದಿನಿಂದ ಯಾರೋ ನೆರೆಮನೆಯವರು ಕೇಳಿದ್ದು ಕೇಳಿಸಿತು, ನಡುವಿನ ತೊಟ್ಟಿಲು ಯಾಕೆ ಬೇರೆ ಬಣ್ಣ ಅಂತ.

ಹೊಸ ಕನ್ನಡಕ ಮೂಗಿನ ಮೇಲೆ ಸರಿಮಾಡಿಕೊಳ್ಳುತ್ತ ಅತ್ತೆ ಹೇಳಿದರು: "ಅದು ಡಿಸೈನ್ ಐತಿ. ನಮ್ಮ ಸೊಸಿ ಮಾಡಿದ್ದು."