ನನ್ನ ಫೋಟೋಗಳಲ್ಲಿ ಮಕ್ಕಳ ಮುಖ ಯಾಕಿಲ್ಲ?

ಭಾನುವಾರ ಬಂದರೆ ನಾನು ಕ್ಯಾಮೆರಾ ಹಿಡಿದು ಮುಂಬಯಿಯ ಬೀದಿಗೆ ಇಳಿಯುತ್ತೇನೆ. ದಾದರ್ ಹೂವಿನ ಮಾರ್ಕೆಟ್, ಧಾರಾವಿಯ ಕುಂಭಾರವಾಡಾ, ಗಿರಗಾಂವ್ ಚೌಪಾಟಿ, ಲೋಕಲ್ ರೈಲಿನ ಬಾಗಿಲು. 15 ವರ್ಷದಿಂದ ಹೀಗೇ. ಮಾಟುಂಗದಲ್ಲಿ ನಮ್ಮ ಕನ್ನಡದವರ ಕಾರ್ಯಕ್ರಮ ಇದ್ದಾಗ ಒಂದಷ್ಟು ಫೋಟೋಗಳನ್ನು ಗೋಡೆಗೆ ಹಾಕುತ್ತೇನೆ. ನೋಡಿದವರು ಎರಡು ಪ್ರಶ್ನೆ ಕೇಳುತ್ತಾರೆ. 'ಇವರನ್ನೆಲ್ಲ ಕೇಳಿಯೇ ತೆಗೆದಿದ್ದಾ?' ಅನ್ನುವುದು ಒಂದು. 'ಮಕ್ಕಳ ಮುಖ ಒಂದರಲ್ಲೂ ಕಾಣಲ್ವಲ್ಲ, ಯಾಕೆ?' ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಕಾಫಿ ಕುಡಿಯುತ್ತಾ ನಿಂತಲ್ಲೇ ಉತ್ತರ ಕೊಡಲು ನನಗೆ ಆಗುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

2015ರಲ್ಲಿ, ಮಳೆಗಾಲ ಮುಗಿದ ಮೇಲೆ, ನಮ್ಮ ಮನೆಯಿಂದ ಸ್ವಲ್ಪ ದೂರದ ಒಂದು ಫುಟ್‌ಪಾತಿನಲ್ಲಿ ನಾಲ್ಕೈದು ಕುಟುಂಬಗಳು ಬಂದು ನಿಂತವು. ನೀಲಿ ತಾಡಪತ್ರಿ, ಮೂರು ಕಲ್ಲಿನ ಒಲೆ, ನೀರು ತುಂಬಿಟ್ಟ ಡಬ್ಬಗಳು. ಕಲಬುರಗಿ ಕಡೆಯ ಜನ. ಬೆಳಿಗ್ಗೆ ನಾಕಾದಲ್ಲಿ, ಅಂದರೆ ರಸ್ತೆ ಕೂಡುವ ಕಡೆ, ನಿಂತು ಕೂಲಿ ಕೆಲಸಕ್ಕೆ ಹೋಗುತ್ತಿದ್ದರು. ನಮ್ಮ ಮನೆಯವರು ಕಾರ್ಕಳದ ಕಡೆಯವರು. ನನ್ನ ಕನ್ನಡ ಬೇರೆ, ಅವರದು ಬೇರೆ. ಆದರೂ ಹೋಗುವಾಗ ಬರುವಾಗ ನಾಲ್ಕು ಮಾತಾಡುತ್ತಿದ್ದೆವು. ನನ್ನನ್ನು ಅವರು ತಮ್ಮವನೆಂದೇ ನಂಬಿದ್ದರು.

ಒಂದು ಸಂಜೆ ಅವರ ಹುಡುಗಿಯೊಬ್ಬಳು ಬೀದಿದೀಪದ ಕೆಳಗೆ ಹೋಮ್‌ವರ್ಕ್ ಬರೆಯುತ್ತಾ ಕೂತಿದ್ದಳು. ಒಂಬತ್ತೋ ಹತ್ತೋ ವರ್ಷ. ಹಳದಿ ಬೆಳಕು, ಮೊಣಕಾಲ ಮೇಲೆ ನೋಟ್‌ಬುಕ್ಕು, ಹಿಂದೆ ಹಾದುಹೋಗುವ ಸಿಟಿ ಬಸ್ಸು. ಕೇಳಿದರೆ ತಲೆ ಎತ್ತುತ್ತಾಳೆ, ಈ ಕ್ಷಣ ಮತ್ತೆ ಸಿಗುವುದಿಲ್ಲ ಅನಿಸಿತು. ಕೇಳದೇ ತೆಗೆದೆ. ಆ ರಾತ್ರಿಯೇ ಪೋಸ್ಟ್ ಮಾಡಿದೆ. ಜಾಗದ ಹೆಸರನ್ನೂ ಹಾಕಿದೆ. ಜನ ತುಂಬಾ ಮೆಚ್ಚಿದರು. 'ನಮ್ಮ ಮಕ್ಕಳಿಗೆ ಎಲ್ಲ ಇದ್ದೂ ಓದಲ್ಲ, ಇವಳನ್ನು ನೋಡಿ' ಎಂದು ಬರೆದು ಒಬ್ಬರಿಂದ ಒಬ್ಬರಿಗೆ ಕಳಿಸಿದರು.

ಎರಡು ತಿಂಗಳ ಮೇಲೆ ಪ್ರಿಂಟ್ ಹಾಕಿಸಿ ಕೊಡಲು ಹೋದೆ. ಅವಳ ತಾಯಿ ಅದನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದರು.

'ಫೋಟೋ ಚೊಲೋ ಅದ ಅಣ್ಣಾ. ಆದ್ರ ಹುಡುಗಿ ಸಾಲಿಗಿ ಹೋಗಂಗಿಲ್ಲ ಅಂತ ಕುಂತಾಳ.'

ಶಾಲೆಯ ಟೀಚರ್ ಮೊಬೈಲಿಗೆ ಆ ಫೋಟೋ ಹೇಗೋ ಬಂದಿತ್ತು. ಅವರಿಗೆ ಖುಷಿಯಾಗಿತ್ತು. ಇಡೀ ಕ್ಲಾಸಿಗೆ ತೋರಿಸಿ ಹೊಗಳಿದ್ದರು. ಆದರೆ ಆ ಹುಡುಗಿ, ತಾನು ಹತ್ತಿರದ ಒಂದು ಚಾಳಿನಲ್ಲಿ, ಅಂದರೆ ವಠಾರದಲ್ಲಿ, ಇರುವುದು ಎಂದು ಗೆಳತಿಯರಿಗೆ ಹೇಳಿಕೊಂಡಿದ್ದಳು. ಇಲ್ಲಿಗೆ ಬಂದಾಗಿನಿಂದ ಜೋಪಾನ ಮಾಡಿಕೊಂಡಿದ್ದ ಗುಟ್ಟು. ದಿನಾ ಶಾಲೆ ಬಿಟ್ಟ ಮೇಲೆ ಗೆಳತಿಯರ ಜೊತೆ ಆ ಚಾಳಿನ ಗೇಟಿನವರೆಗೆ ಹೋಗಿ, ಅವರು ಮರೆಯಾದ ಮೇಲೆ ತಿರುಗಿ ಬರುತ್ತಿದ್ದಳಂತೆ. ನನ್ನ ಫೋಟೋ ಅದನ್ನು ಒಂದೇ ದಿನದಲ್ಲಿ ಬಯಲು ಮಾಡಿತು.

ನಾನು ಅವಳನ್ನು ಅವಮಾನ ಮಾಡಲು ಹೋಗಿರಲಿಲ್ಲ. ಟೀಚರೂ ಅಷ್ಟೇ. ಫಾರ್ವರ್ಡ್ ಮಾಡಿದವರೂ ಒಳ್ಳೆಯ ಮನಸ್ಸಿನಿಂದಲೇ ಮಾಡಿದರು. ಇಷ್ಟು ಜನರ ಒಳ್ಳೆಯತನ ಸೇರಿ ಒಂದು ಮಗುವನ್ನು ಶಾಲೆ ಬಿಡಿಸಿತು. ಪೋಸ್ಟ್ ತೆಗೆದುಹಾಕಿದೆ. ಊರೆಲ್ಲ ಹರಡಿದ್ದನ್ನು ಹಿಂದಕ್ಕೆ ತರಲು ಆಗಲಿಲ್ಲ.

ಅಂದಿನಿಂದ ಒಂದು ಮಾತು ನನ್ನನ್ನು ಬಿಟ್ಟಿಲ್ಲ. ನಾವು 'ಸಾರ್ವಜನಿಕ ಸ್ಥಳ' ಅಂತ ಸುಲಭವಾಗಿ ಹೇಳಿಬಿಡುತ್ತೇವೆ. ನಾನು ನಡೆದುಹೋಗುವ ಆ ಫುಟ್‌ಪಾತು ಅವಳಿಗೆ ಪಡಸಾಲೆ, ಅಡುಗೆಮನೆ, ಓದುವ ಕೋಣೆ. ಅಲ್ಲಿ ಗೋಡೆ ಇಲ್ಲ, ಬಾಗಿಲಿಲ್ಲ, ತಟ್ಟಲು ಕದವಿಲ್ಲ. ಮುಂಬಯಿಯಲ್ಲಿ ಎಷ್ಟೋ ಮಕ್ಕಳು ಸ್ನಾನ ಮಾಡುವುದು, ಉಣ್ಣುವುದು, ಮಲಗುವುದು ಎಲ್ಲ ನಮ್ಮ ಕಣ್ಣೆದುರೇ. ಅದೇ ಒಂಬತ್ತು ವರ್ಷದ ಹುಡುಗಿ ನಮ್ಮ ಸೊಸೈಟಿಯ ಎರಡನೇ ಮಹಡಿಯ ಬಾಲ್ಕನಿಯಲ್ಲಿ ಓದುತ್ತಿದ್ದರೆ? ಕೆಳಗೆ ನಿಂತು ನಾನು ಲೆನ್ಸ್ ಎತ್ತಿದ್ದರೆ ವಾಚ್‌ಮನ್ ಓಡಿ ಬರುತ್ತಿದ್ದ, ಅವಳ ಅಪ್ಪ ನನ್ನ ಕಾಲರ್ ಹಿಡಿಯುತ್ತಿದ್ದರು. ಹಿಡಿಯಬೇಕಾದ್ದೇ. ಬಡವರ ಮಕ್ಕಳ ಫೋಟೋ ನಮಗೆ ಇಷ್ಟು ಜಾಸ್ತಿ ಸಿಗುವುದು ಯಾಕೆ ಅಂತ ಆಗ ನನಗೆ ಅರ್ಥವಾಯಿತು.

ಕಾನೂನು ಏನು ಹೇಳುತ್ತದೆ ಅಂತ ಕೇಳುವವರೂ ಇದ್ದಾರೆ. ಬೀದಿಯಲ್ಲಿ ಒಬ್ಬರ ಫೋಟೋ ತೆಗೆಯುವ ಮುಂಚೆ ಕೇಳಲೇಬೇಕು ಎನ್ನುವ ನೇರ ಕಾನೂನು ನಮ್ಮಲ್ಲಿಲ್ಲ. ಆದರೆ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ, ಪುಟ್ಟಸ್ವಾಮಿ ಪ್ರಕರಣದಲ್ಲಿ, ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿತು. ಆ ಕೇಸು ಹಾಕಿದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾದವರು. ಆ ತೀರ್ಪಿನಲ್ಲಿ ಒಂದು ಮಾತಿದೆ: ಮನುಷ್ಯ ಸಾರ್ವಜನಿಕ ಜಾಗದಲ್ಲಿದ್ದಾನೆ ಎಂಬ ಮಾತ್ರಕ್ಕೆ ಅವನ ಖಾಸಗಿತನ ಹೋಗುವುದಿಲ್ಲ, ಅದು ಜಾಗಕ್ಕಲ್ಲ, ವ್ಯಕ್ತಿಗೆ ಅಂಟಿಕೊಂಡದ್ದು. ಅದನ್ನು ಓದಿದಾಗ ನನಗೆ ಆ ದೀಪದ ಕಂಬ ನೆನಪಾಯಿತು. 2015ರ ಬಾಲನ್ಯಾಯ ಕಾಯ್ದೆ ಬೀದಿಯಲ್ಲಿ ಬದುಕುವ ಮಕ್ಕಳನ್ನು 'ಆರೈಕೆ ಮತ್ತು ರಕ್ಷಣೆ ಬೇಕಾದವರು' ಎಂದು ಗುರುತಿಸುತ್ತದೆ. ಅಂಥ ಮಗುವಿನ ವಿಚಾರಣೆ, ತನಿಖೆಯ ವರದಿಯಲ್ಲಿ ಹೆಸರು, ಶಾಲೆ, ಫೋಟೋ ಹಾಕಿದರೆ 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಪತ್ರಿಕೆಯ ವರದಿಗಾರನಿಗೆ ಇಷ್ಟು ಕಟ್ಟುನಿಟ್ಟು ಇರುವಾಗ ಭಾನುವಾರದ ಹವ್ಯಾಸಕ್ಕೆ ಹೊರಟ ನನಗೆ ಸ್ವಲ್ಪವಾದರೂ ಬೇಡವಾ?

ಇದಕ್ಕೆ ಒಬ್ಬ ಗೆಳೆಯ ಎದುರುವಾದ ಹೂಡುತ್ತಾನೆ. ಎಲ್ಲರೂ ಹೀಗೆ ಹಿಂಜರಿದರೆ ಭೋಪಾಲದ ಆ ಫೋಟೋ ಇರುತ್ತಿತ್ತಾ ಅಂತ. 1984ರ ಡಿಸೆಂಬರಿನಲ್ಲಿ ವಿಷಾನಿಲ ಸೋರಿದ ಮೇಲೆ, ಮಣ್ಣಿನಲ್ಲಿ ಅರ್ಧ ಹೂತ ಮಗುವಿನ ಮುಖವನ್ನು ರಘು ರಾಯ್ ಮತ್ತು ಪಾಬ್ಲೊ ಬಾರ್ತಲೋಮ್ಯೂ ಇಬ್ಬರೂ ತೆಗೆದಿದ್ದರು. ಆ ಮಗು ಯಾರದೆಂದು ಗೊತ್ತಾಗಲೇ ಇಲ್ಲ. ಆ ಫೋಟೋ ಬೇಕಿತ್ತು, ನಾನು ಒಪ್ಪುತ್ತೇನೆ. ಒಂದು ದೊಡ್ಡ ಅನ್ಯಾಯಕ್ಕೆ ಅದು ಸಾಕ್ಷಿ. ಆದರೆ ನಾನು ತೆಗೆದದ್ದು ಯಾವುದಕ್ಕೆ ಸಾಕ್ಷಿ? ಬೆಳಕು ಚೆನ್ನಾಗಿತ್ತು, ಅಷ್ಟೇ. ಸಾಕ್ಷಿಯ ಹೆಸರು ಹೇಳಿಕೊಂಡು ಚಂದದ ಫೋಟೋ ತೆಗೆಯುವುದು ನನಗೆ ಸರಿ ಕಾಣುವುದಿಲ್ಲ.

ಅದೇ 1984ರಲ್ಲಿ ಪೇಶಾವರದ ಹತ್ತಿರ ನಿರಾಶ್ರಿತರ ಶಿಬಿರದಲ್ಲಿ ತೆಗೆದ ಹಸಿರು ಕಣ್ಣಿನ ಅಫ್ಘಾನ್ ಹುಡುಗಿಯ ಫೋಟೋ ನಿಮಗೆಲ್ಲ ಗೊತ್ತಿರುತ್ತದೆ. 1985ರ ಜೂನ್‌ನಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಮುಖಪುಟಕ್ಕೆ ಬಂತು. ಆಕೆಯ ಹೆಸರು ಶರ್ಬತ್ ಗುಲಾ ಎಂದು ಜಗತ್ತಿಗೆ ತಿಳಿದದ್ದು 2002ರಲ್ಲಿ. ಅಷ್ಟು ವರ್ಷ ಆಕೆ ತನ್ನ ಆ ಫೋಟೋವನ್ನು ನೋಡಿಯೇ ಇರಲಿಲ್ಲ. ಲೋಕವೆಲ್ಲ ನೋಡಿದ ಮುಖ, ಮುಖದ ಒಡತಿಗೇ ಗೊತ್ತಿಲ್ಲ. ಇದನ್ನು ಯೋಚಿಸಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಈಗಂತೂ ಫೋಟೋ ಒಮ್ಮೆ ಕೈಬಿಟ್ಟರೆ ಮುಗಿಯಿತು, ಅದರ ಮಾತೇ ಬದಲಾಗುತ್ತದೆ. 2018ರಲ್ಲಿ ಮಕ್ಕಳ ಕಳ್ಳರ ಬಗ್ಗೆ ವಾಟ್ಸಾಪಿನಲ್ಲಿ ಓಡಾಡಿದ ಒಂದು ವೀಡಿಯೊ, ನಿಜದಲ್ಲಿ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರದ ತುಂಡು. ಕೊನೆಯ ಭಾಗ ಕತ್ತರಿಸಿ ಹಂಚಿದ್ದರು. ಅಂಥ ಗಾಳಿಮಾತುಗಳು ಹಬ್ಬಿದ್ದ ಹೊತ್ತಿನಲ್ಲೇ, ಆ ವರ್ಷದ ಜುಲೈ 1ರಂದು, ನಮ್ಮ ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಮಕ್ಕಳ ಕಳ್ಳರೆಂದು ತಿಳಿದು ಐವರನ್ನು ಜನ ಹೊಡೆದು ಕೊಂದರು. ಮಗುವಿನ ಫೋಟೋ ಯಾರ ಕೈ ಸೇರಿ ಏನಾಗುತ್ತದೆ ಅಂತ ತೆಗೆದವನಿಗೆ ಗೊತ್ತಿರುವುದಿಲ್ಲ.

ಊರಲ್ಲಿ ನಮ್ಮ ಅಜ್ಜಿ ಮಲಗಿದ ಮಗುವಿನ ಫೋಟೋ ತೆಗೆಯಲು ಬಿಡುತ್ತಿರಲಿಲ್ಲ. 'ಬೇಡ ಮಾರಾಯ, ದೃಷ್ಟಿ ತಾಗ್ತದೆ' ಅನ್ನುತ್ತಿದ್ದರು. ಆಗ ಅದು ಮೂಢನಂಬಿಕೆ ಅನಿಸುತ್ತಿತ್ತು. ಈಗ ಅವರ ಮಾತು ಬೇರೆ ಥರ ಕೇಳಿಸುತ್ತದೆ. ಬೇಡ ಅನ್ನಲು ಬಾರದ ಮಗುವಿನ ಪರವಾಗಿ ಅಜ್ಜಿ ಬೇಡ ಅನ್ನುತ್ತಿದ್ದರು.

ದೊಡ್ಡವರ ವಿಷಯ ನನಗೆ ಇಷ್ಟು ಕಷ್ಟ ಅನಿಸುವುದಿಲ್ಲ. ದಾದರಿನ ಹೂವಿನ ಗದ್ದಲದಲ್ಲಿ ಪ್ರತಿಯೊಬ್ಬರನ್ನೂ ಕೇಳಲು ಆಗುವುದಿಲ್ಲ, ಕೇಳುವುದೂ ಇಲ್ಲ. ಒಬ್ಬರ ಮುಖವೇ ಫೋಟೋ ತುಂಬಾ ಬರುತ್ತದೆ ಎಂದಾಗ ಕೇಳುತ್ತೇನೆ. ಮರಾಠಿಯಲ್ಲಿ 'ಫೋಟೋ ಕಾಢೂ ಕಾ?', ಫೋಟೋ ತೆಗೆಯಲಾ ಅಂದರೆ ಸಾಕು. ಕೋಳಿ ಎಂಬ ಮೀನುಗಾರ ಸಮುದಾಯದ, ಮೀನು ಮಾರುವ ಒಬ್ಬ ಹೆಂಗಸು 'ಆಧೀ ಮಾಸೆ ಘೇ' ಅಂದರು, ಮೊದಲು ಮೀನು ತಗೋ ಅಂತ. ಬಂಗಡೆ ತಗೊಂಡೆ, ಫೋಟೋ ತೆಗೆದೆ. ಮುಂದಿನ ವಾರ ಪ್ರಿಂಟ್ ಕೊಟ್ಟೆ. ಯಾರಾದರೂ ಕೈ ಅಡ್ಡ ಹಿಡಿದರೆ ಕ್ಯಾಮೆರಾ ಇಳಿಸುತ್ತೇನೆ. ಮಹಾಲಕ್ಷ್ಮಿಯ ಸೇತುವೆ ಮೇಲೆ ನಿಂತು ದೊಡ್ಡ ಲೆನ್ಸಿನಲ್ಲಿ ಧೋಬಿಘಾಟಿನ ಜನರನ್ನು ಹತ್ತಿರಕ್ಕೆ ಎಳೆಯುವುದನ್ನು ಬಿಟ್ಟಿದ್ದೇನೆ. ಅಲ್ಲಿ ಬಟ್ಟೆ ಒಗೆಯುವವರ ಮನೆಗಳೂ ಇವೆ.

ಮಕ್ಕಳ ವಿಷಯದಲ್ಲಿ ಗೋಡೆಗೆ ಹಾಕಲೆಂದು ಕೈ, ಕಾಲು, ಬೆನ್ನು, ನೆರಳು ಇಷ್ಟೇ ತೆಗೆಯುತ್ತೇನೆ. ಯೂನಿಫಾರ್ಮಿನ ಬ್ಯಾಡ್ಜು ಕಂಡರೆ ಅದನ್ನೂ ಬಿಡುತ್ತೇನೆ. ಹಂಚುವ ಮುಂಚೆ ಫೈಲಿನಲ್ಲಿರುವ ಜಿಪಿಎಸ್ ಮಾಹಿತಿ ಅಳಿಸುತ್ತೇನೆ. ಹೆತ್ತವರು ಹೂಂ ಅಂದರೂ ಮಗುವನ್ನು ಬೇರೆಯಾಗಿ ಕೇಳುತ್ತೇನೆ, ಯಾಕೆಂದರೆ ಆ ಹುಡುಗಿಯ ಗುಟ್ಟು ಅವಳ ತಾಯಿಗೂ ಪೂರ್ತಿ ಗೊತ್ತಿರಲಿಲ್ಲ. ಧಾರಾವಿಯಲ್ಲಿ ಮಕ್ಕಳು ತಾವೇ ಓಡಿ ಬಂದು 'ಅಂಕಲ್, ಮೇರಾ ಫೋಟೋ!' ಅಂತ ಸುತ್ತುತ್ತಾರೆ. ಅವರಿಗೆ ಬೇಕಿರುವುದು ತಮ್ಮ ಮುಖವನ್ನು ಆ ಪುಟ್ಟ ಪರದೆಯಲ್ಲಿ ನೋಡುವುದು. ತೆಗೆದು ತೋರಿಸುತ್ತೇನೆ. ನಗುತ್ತಾರೆ. ಸಾಧ್ಯವಾದರೆ ಪ್ರಿಂಟ್ ಅವರ ಮನೆಗೆ ಹೋಗುತ್ತದೆ, ನನ್ನ ಗೋಡೆಗೆ ಬರುವುದಿಲ್ಲ.

ಆ ಹುಡುಗಿ ಏನಾದಳು ಅಂತ ನೀವು ಕೇಳಬಹುದು. ಸುಮಾರು ಒಂದು ತಿಂಗಳಾದ ಮೇಲೆ ಶಾಲೆಗೆ ಹೋಗಲು ಶುರುಮಾಡಿದಳು. ನನ್ನನ್ನು ಕಂಡರೆ ತಾಡಪತ್ರಿಯ ಒಳಗೆ ಹೋಗುತ್ತಿದ್ದಳು. ಬೇಸಿಗೆಗೆ ಅವರೆಲ್ಲ ಊರಿಗೆ ಹೋದರು, ಆ ಜಾಗಕ್ಕೆ ಮತ್ತೆ ಬರಲಿಲ್ಲ. ಈಗ ಅವಳಿಗೆ 18 ದಾಟಿರಬೇಕು. ಆ ಫೋಟೋ ಇನ್ನೂ ನನ್ನ ಹಾರ್ಡ್‌ಡಿಸ್ಕಿನಲ್ಲಿದೆ. ಅಳಿಸಲು ಎಷ್ಟೋ ಸಲ ಕೂತಿದ್ದೇನೆ. ಅದನ್ನೂ ಅವಳನ್ನು ಕೇಳದೇ ಮಾಡುವುದು ಬೇಡ ಅಂತ ಹಾಗೇ ಇಟ್ಟಿದ್ದೇನೆ.