ಕೂಡು ಕುಟುಂಬವಿದ್ದಿದ್ದರೆ ಇಷ್ಟು ಕಷ್ಟ ಇರುತ್ತಿತ್ತೇ?

ಅಮ್ಮನಿಗೆ ಡಿಮೆನ್ಷಿಯಾ ಎಂದು ತಿಳಿದವರೆಲ್ಲ ನನ್ನನ್ನು ಕೇಳುವ ಪ್ರಶ್ನೆ ಇದು. ಹಿಂದಿನ ಹಾಗೆ ಮನೆ ತುಂಬ ಜನರಿದ್ದಿದ್ದರೆ ನೀವು ಇಷ್ಟು ಒದ್ದಾಡಬೇಕಿರಲಿಲ್ಲ, ಅಲ್ಲವೇ?

ನಾನು ಒಪ್ಪುವುದಿಲ್ಲ. ಚಾಮರಾಜಪೇಟೆಯ ನಮ್ಮ ಹಳೆಯ ಮನೆಯಲ್ಲಿ ಅಜ್ಜಿಗೆ ಅರಳುಮರಳು ಶುರುವಾದಾಗ ಮನೆಯಲ್ಲಿ ಜನರಿಗೇನೂ ಕೊರತೆಯಿರಲಿಲ್ಲ. ಆದರೆ ಅಜ್ಜಿಯ ಒದ್ದೆ ಸೀರೆ ಬದಲಿಸುತ್ತಿದ್ದವರು, ನಡುರಾತ್ರಿ ಚಿಲಕದ ಸದ್ದಿಗೆ ಎದ್ದು ಓಡುತ್ತಿದ್ದವರು ದೊಡ್ಡಮ್ಮ ಒಬ್ಬರೇ. ಉಳಿದವರು ಕೋಣೆಗೆ ಇಣುಕಿ, ಊಟವಾಯಿತೇ ಎಂದು ಕೇಳಿ ಹೋಗುತ್ತಿದ್ದರು. ಹೊರೆಯೆಲ್ಲ ಹಿರಿಸೊಸೆಯದು, ಹೆಸರು ಮಾತ್ರ ಮನೆತನದ್ದು. ಆಗ ಇದ್ದು ಈಗ ಇಲ್ಲದಿರುವುದು ನೆರೆಹೊರೆ: ಅಜ್ಜಿ ಬೀದಿಗಿಳಿದರೆ ಯಾರಾದರೂ ಕೈಹಿಡಿದು ಮನೆಗೆ ಕರೆತರುತ್ತಿದ್ದರು.

ಈಗ ದೊಡ್ಡಮ್ಮನ ಜಾಗದಲ್ಲಿ ಮೂವರಿದ್ದೇವೆ: ಮಂಡಿನೋವಿನ ಅಪ್ಪ, ಮದುವೆಯಾಗಿ ಬೇರೆ ಮನೆಯಲ್ಲಿರುವ ನಾನು, ಏಜೆನ್ಸಿ ಕಳಿಸಿದ ಒಡಿಶಾದ ಹುಡುಗಿ. ಹುಡುಗಿಗೆ ಕನ್ನಡ ಬಾರದು, ಮಾತೆಲ್ಲ ಹಿಂದಿಯಲ್ಲೇ. ಅಮ್ಮನಿಗೂ ಮೊದಲು ಹಿಂದಿ ಚೆನ್ನಾಗಿ ಬರುತ್ತಿತ್ತು. ಕಾಯಿಲೆ ಬಲಿತಂತೆ ಆಮೇಲೆ ಕಲಿತ ಭಾಷೆಯೇ ಮೊದಲು ಜಾರುವುದುಂಟು, ಅಮ್ಮನಿಗೂ ಹಾಗೆಯೇ ಆಯಿತು. ಸಂಜೆಯಾದರೆ ಸೆರಗು ಬಿಗಿದು, ಮನೆಗೆ ಹೋಗಬೇಕು ಎಂದು ಚಪ್ಪಲಿ ಹುಡುಕುತ್ತಾರೆ. ಇದೇ ನಿಮ್ಮ ಮನೆ ಎಂದರೆ ರೇಗುತ್ತಾರೆ. ಆ ಹುಡುಗಿ ಅಪ್ಪನಿಂದ ಒಂದೇ ಒಂದು ಕನ್ನಡ ವಾಕ್ಯ ಕಲಿತಿದ್ದಾಳೆ: ‘ಕಾಫಿ ಕುಡಿದು ಹೋಗೋಣ, ಅಮ್ಮ.’ ಅಮ್ಮ ಕೂರುತ್ತಾರೆ. ಲೋಟ ಬರಿದಾಗುವ ಹೊತ್ತಿಗೆ ಹೊರಡುವ ಮಾತು ಮರೆತಿರುತ್ತದೆ. ಇಂಥ ಜಾಣ್ಮೆಗೆ ನಾವು ಕೊಡುವ ಸಂಬಳ ಏನೇನೂ ಸಾಲದು.

ಹೆತ್ತವರ ಪೋಷಣೆಯ 2007ರ ಕಾಯ್ದೆ ಮಗ, ಮಗಳು, ವಯಸ್ಕ ಮೊಮ್ಮಕ್ಕಳನ್ನು ಹೊಣೆಗಾರರೆನ್ನುತ್ತದೆ. ಆ ವ್ಯಾಖ್ಯೆಯಲ್ಲಿ ಸೊಸೆ ಇಲ್ಲ, ಆದರೂ ಎಷ್ಟೋ ಮನೆಗಳಲ್ಲಿ ಮಾಡುವವಳು ಅವಳೇ. ಅದೇ ಕಾಯ್ದೆ ಜೀವನಾಂಶಕ್ಕೆ ತಿಂಗಳಿಗೆ 10,000 ರೂಪಾಯಿಯ ಮಿತಿ ಹಾಕಿತು. ಬೆಂಗಳೂರಿನಲ್ಲಿ ಹಗಲು ರಾತ್ರಿ ಒಬ್ಬರನ್ನು ಇರಿಸಿಕೊಳ್ಳಲು ಅದು ಎಲ್ಲಿಗೆ ಸಾಕು? ನಿದ್ದೆಗೆಟ್ಟ ರಾತ್ರಿಗಳ ಲೆಕ್ಕವಂತೂ ಯಾವ ಕಾಯ್ದೆಯಲ್ಲೂ ಇಲ್ಲ.

ಹಾಗಾಗಿ ನಾವು ಕೆಲಸವನ್ನೇ ಹಂಚಿಕೊಂಡೆವು. ಅಮೆರಿಕದಲ್ಲಿರುವ ನನ್ನ ತಮ್ಮ, ಏಜೆನ್ಸಿಯ ಹಣ, ಔಷಧಿ, ನಿಮ್ಹಾನ್ಸ್ ಭೇಟಿಯ ದಿನಾಂಕ ಎಲ್ಲವನ್ನೂ ನೋಡಿಕೊಳ್ಳುತ್ತಾನೆ. ಹುಡುಗಿಗೆ ವಾರಕ್ಕೊಂದು ರಜೆ. ಅಂದು ರಾತ್ರಿ ನಾನು ಅಮ್ಮನ ಬಳಿ ಮಲಗುತ್ತೇನೆ, ಅಪ್ಪ ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನಿದ್ದೆ ಮಾಡುತ್ತಾರೆ. ಈ ಪ್ರಶ್ನೆ ಕೇಳುವ ನೆಂಟರಿಗೂ ಒಂದು ಕೆಲಸ ಹೇಳುತ್ತಿದ್ದೇನೆ: ಹಣ್ಣು ತರಬೇಡಿ, ಭಾನುವಾರ ಮೂರರಿಂದ ಆರರವರೆಗೆ ಅಮ್ಮನ ಜೊತೆ ಕುಳಿತುಕೊಳ್ಳಿ. ಚಿಕ್ಕಮ್ಮನ ಮಗ ಬರತೊಡಗಿದ್ದಾನೆ.