ಮೊದಲು ಔಟಾಗುತ್ತಿದ್ದ ಮಕ್ಕಳು

ಪ್ರಾಥಮಿಕ ಶಾಲೆಯ ಮಕ್ಕಳಿಗೆ ಸಂಗೀತ ಕಲಿಸುವ ಕೆಲಸಕ್ಕೆ ಸೇರಿದ ಮೊದಲ ವರ್ಷ ನನ್ನ ಪೀರಿಯಡ್ಡಿನಲ್ಲಿ ಮಕ್ಕಳು ಕೇಳಿ ಕೇಳಿ ಆಡುತ್ತಿದ್ದದ್ದು ಸಂಗೀತ ಕುರ್ಚಿಯ ಆಟ. ಮಕ್ಕಳೂ ಸಂತೋಷವಾಗಿದ್ದರು, ಆಟದ ಮೂಲಕ ಕಲಿಸುತ್ತಿದ್ದೇನೆಂಬ ಸಮಾಧಾನ ನನಗೂ ಇತ್ತು. ಕೆಲವು ವಾರ ಕಳೆದ ಮೇಲೆ, ಔಟಾಗಿ ಗೋಡೆಯ ಬದಿಗೆ ಮೊದಲು ಹೋಗಿ ಕೂರುವವರು ಪ್ರತಿಸಲವೂ ಅದೇ ನಾಲ್ಕೈದು ಮಕ್ಕಳೆಂಬುದು ಗಮನಕ್ಕೆ ಬಂತು. ಡ್ರಮ್ಮಿನ ಪೆಟ್ಟಿಗೆ ಹೆಜ್ಜೆ ಹೊಂದದೆ ತಡವರಿಸುತ್ತಿದ್ದವರೂ ಅವರೇ. ಅಭ್ಯಾಸ ಯಾರಿಗೆ ಹೆಚ್ಚು ಬೇಕಿತ್ತೋ ಅವರನ್ನೇ ಆಟದ ನಿಯಮವು ಎರಡು ನಿಮಿಷದೊಳಗೆ ಹೊರಗೆ ಕಳುಹಿಸಿ, ಉಳಿದ ಸಮಯವನ್ನೆಲ್ಲ ಅದರ ಅಗತ್ಯವಿಲ್ಲದವರಿಗೆ ಕೊಡುತ್ತಿತ್ತು. ಗೆಲ್ಲುತ್ತಿದ್ದವರಾದರೂ ಕಿವಿಯಿಂದ ಗೆಲ್ಲುತ್ತಿರಲಿಲ್ಲ. ಡ್ರಮ್ಮಿನ ಮೇಲಿದ್ದ ನನ್ನ ಕೈಯನ್ನು ಓರೆಗಣ್ಣಿನಿಂದ ನೋಡುತ್ತ, ಖಾಲಿ ಕುರ್ಚಿಯ ಹತ್ತಿರ ಹೆಜ್ಜೆಯನ್ನು ನಿಧಾನ ಮಾಡುತ್ತ ಗೆಲ್ಲುತ್ತಿದ್ದರು.

ಅಂದಿನಿಂದ ಯಾವುದೇ ಆಟವನ್ನು ಆರಿಸುವ ಮೊದಲು, ಕಿವಿ ಮುಚ್ಚಿಕೊಂಡ ಮಗುವೂ ಇದರಲ್ಲಿ ಗೆಲ್ಲಬಹುದೇ ಎಂದು ಕೇಳಿಕೊಳ್ಳುತ್ತೇನೆ. ಗೆಲ್ಲಬಹುದಾದರೆ ಅದು ಒಳ್ಳೆಯ ವ್ಯಾಯಾಮವಾಗಿರಬಹುದು, ಸಂಗೀತದ ಪಾಠವಂತೂ ಅಲ್ಲ. ಕುರ್ಚಿಗಳನ್ನು ಬದಿಗಿಟ್ಟು, ಮಕ್ಕಳಿಗೆ ಬೆನ್ನು ಮಾಡಿ ನಿಂತು ನುಡಿಸಲು ಆರಂಭಿಸಿದೆ. ತಾರಸ್ವರ ಕೇಳಿದರೆ ತುದಿಗಾಲಿನಲ್ಲಿ, ಮಂದ್ರಸ್ವರ ಕೇಳಿದರೆ ಬಗ್ಗಿ ನಡೆಯಬೇಕು. ನಾದ ನಿಂತ ಕೂಡಲೇ ಇದ್ದ ಭಂಗಿಯಲ್ಲೇ ನಿಲ್ಲಬೇಕು. ಯಾರೂ ಔಟಾಗುವುದಿಲ್ಲ. ತಪ್ಪಿದವರು ನನ್ನ ಪಕ್ಕದಲ್ಲಿ ನಿಂತು ಒಂದು ಸುತ್ತು ಡ್ರಮ್ ಬಾರಿಸಲಿ ಎಂದು ಮೊದಲಿಗೆ ನಿಯಮ ಮಾಡಿದ್ದೆ. ಡ್ರಮ್ಮಿನ ಆಸೆಗೆ ಬೇಕೆಂದೇ ತಪ್ಪುವವರು ಹೆಚ್ಚಾದಾಗ ಅದನ್ನು ಕೈಬಿಡಬೇಕಾಯಿತು.

ನಡಿಗೆಯಿಂದ ಲಯವನ್ನು ಕಲಿಸುವ ಈ ದಾರಿ ಹೊಸದಲ್ಲ. 1892ರಿಂದ ಜಿನೀವಾದ ಸಂಗೀತ ವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಎಮಿಲ್ ಜಾಕ್-ಡಾಲ್‌ಕ್ರೋಜ್ ಅವರು, ಸ್ವರಗಳನ್ನು ಕಾಗದದ ಮೇಲೆ ಸರಿಯಾಗಿ ಬರೆಯಬಲ್ಲ ವಿದ್ಯಾರ್ಥಿಗಳಿಗೂ ಬರೆದದ್ದು ಮನಸ್ಸಿನೊಳಗೆ ಕೇಳಿಸುವುದಿಲ್ಲವೆಂಬುದನ್ನೂ, ವಾದ್ಯದ ಮುಂದೆ ಲಯ ತಪ್ಪುವವರು ನಡೆಯುವಾಗ ಸಮವಾಗಿಯೇ ನಡೆಯುತ್ತಾರೆಂಬುದನ್ನೂ ಗಮನಿಸಿ, ಇಡೀ ದೇಹವನ್ನೇ ಪಾಠದೊಳಗೆ ತಂದರು. ನಾನು ಇದರಿಂದ ಕಲಿತದ್ದು, ಮೊದಲು ಮಗುವಿನ ನಡಿಗೆಗೆ ಡ್ರಮ್ಮನ್ನು ಹೊಂದಿಸಬೇಕು, ಆಮೇಲೆ ಡ್ರಮ್ಮಿಗೆ ನಡಿಗೆಯನ್ನು ಹೊಂದಿಸಲು ಹೇಳಬೇಕು ಎಂಬುದನ್ನು. ಮಕ್ಕಳ ಕಾಲು ಚಿಕ್ಕದು, ಆದ್ದರಿಂದ ಅವರ ಸಹಜವಾದ ಹೆಜ್ಜೆ ನಮ್ಮದಕ್ಕಿಂತ ಚುರುಕು. ದೊಡ್ಡವರಿಗೆ ಹಿತವಾದ ವೇಗದಲ್ಲಿ ಬಾರಿಸಿ ಮಗುವಿಗೆ ಲಯವಿಲ್ಲ ಎಂದು ತೀರ್ಮಾನಿಸುವುದು ಅನ್ಯಾಯ. ವಿಳಂಬ ಗತಿ ಅವರಿಗೆ ಇನ್ನೂ ಕಷ್ಟ, ಏಕೆಂದರೆ ಎರಡು ಪೆಟ್ಟುಗಳ ನಡುವೆ ಒಂಟಿ ಕಾಲಿನ ಮೇಲೆ ದೇಹವನ್ನು ಹಿಡಿದಿಡಬೇಕಾಗುತ್ತದೆ. "ನಿಧಾನವಾಗಿ ನಡೆಯಿರಿ" ಎಂದು ನೂರು ಸಲ ಹೇಳಿದರೂ ಆಗದ್ದು, "ತಲೆಯ ಮೇಲೆ ತುಂಬಿದ ಕೊಡವಿದೆ, ತುಳುಕಬಾರದು" ಎಂದು ಒಮ್ಮೆ ಹೇಳಿದರೆ ಆಗಿಬಿಡುತ್ತದೆ.

ನನಗೆ ಹೆಚ್ಚು ಸಮಯ ಹಿಡಿದದ್ದು ಲಯದ ಸಮವಾದ ಮಿಡಿತ ಬೇರೆ, ಅದರ ಮೇಲೆ ಕೂರುವ ಅಕ್ಷರಗಳ ಓಟ ಬೇರೆ ಎಂಬುದನ್ನು ಎರಡನೆಯ ತರಗತಿಯ ಮಕ್ಕಳಿಗೆ ತಿಳಿಸುವ ಬಗೆಯನ್ನು ಕಂಡುಕೊಳ್ಳಲು. ವಿವರಣೆಯಿಂದ ಇದು ತಲೆಗೆ ಹತ್ತುವುದಿಲ್ಲ. ಈಗ ಪ್ರಾಣಿಪಕ್ಷಿಗಳ ಹೆಸರುಗಳನ್ನು ಬಳಸುತ್ತೇನೆ. ಮಕ್ಕಳು ವೃತ್ತದಲ್ಲಿ ಮೂರು ಮೂರು ಹೆಜ್ಜೆಗಳನ್ನು ಎಣಿಸಿಕೊಂಡು ನಡೆಯುತ್ತಾರೆ. "ನವಿಲು" ಎಂದಾಗ ಮೂರು ಹೆಜ್ಜೆಗೂ ಒಂದೊಂದು ಚಪ್ಪಾಳೆ, "ಆನೆ" ಎಂದಾಗ ಮೊದಲ ಹೆಜ್ಜೆಗೆ ಒಂದು, ಮೂರನೆಯದಕ್ಕೆ ಇನ್ನೊಂದು. ನವಿಲಿನಲ್ಲಿ ಮೂರು ಲಘು, ಆನೆಯಲ್ಲಿ ಒಂದು ಗುರು ಒಂದು ಲಘು. ಎರಡಕ್ಕೂ ಮೂರೇ ಮಾತ್ರೆ, ಆದ್ದರಿಂದ ಕೈ ಬದಲಾದರೂ ಕಾಲು ಬದಲಾಗಬೇಕಿಲ್ಲ. ಛಂದಸ್ಸಿನ ಹೆಸರನ್ನೇ ಎತ್ತದೆ ಹೀಗೆ ನಾಲ್ಕಾರು ದಿನ ಆಡಿದ ಮೇಲೆ ನಡುವೆ "ಕೋಗಿಲೆ" ಎಂದು ಕೂಗಿದರೆ ನಾಲ್ಕು ಮಾತ್ರೆಯಾಗಿ ಇಡೀ ವೃತ್ತವೇ ಎಡವುತ್ತದೆ. ಅದು ಏಕೆ ಹೊಂದಲಿಲ್ಲ ಎಂದು ಮಕ್ಕಳೇ ಬೆರಳು ಮಡಚಿ ಹುಡುಕುವ ಆ ಎರಡು ನಿಮಿಷ ನನಗೆ ಇಡೀ ಪೀರಿಯಡ್ಡಿಗಿಂತ ಬೆಲೆಬಾಳುತ್ತದೆ.

ವಾದ್ಯಗಳ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. 1924ರಲ್ಲಿ ಮ್ಯೂನಿಕ್‌ನಲ್ಲಿ ಡೊರೊಥೆ ಗುಂಥರ್ ಅವರೊಡನೆ ಸಂಗೀತ ಮತ್ತು ಚಲನೆಯ ಶಾಲೆಯನ್ನು ಆರಂಭಿಸಿದ ಕಾರ್ಲ್ ಓರ್ಫ್ ಅವರ ಪದ್ಧತಿಯಲ್ಲಿ ಕ್ಸೈಲೋಫೋನಿನ ಪಟ್ಟಿಗಳನ್ನು ಬಿಚ್ಚಿ ತೆಗೆದಿಡಬಹುದು. ಮ ಮತ್ತು ನಿ ಸ್ವರಗಳ ಪಟ್ಟಿಗಳನ್ನು ತೆಗೆದು ಸ, ರಿ, ಗ, ಪ, ದ ಎಂಬ ಐದನ್ನೇ ಉಳಿಸಿದರೆ, ಮಗು ಎಲ್ಲಿ ಹೊಡೆದರೂ ಉಳಿದವರ ನಾದದೊಂದಿಗೆ ಕರ್ಕಶವಾಗಿ ತಾಗುವುದಿಲ್ಲ. ಆದರೆ ವಾದ್ಯ ಕೈಗೆ ಬಂದ ಮಗು ಸುಮ್ಮನೆ ಕೂರುವುದಿಲ್ಲವೆಂಬುದನ್ನು ಮರೆಯಬಾರದು. ನಿಯಮಗಳನ್ನೆಲ್ಲ ಹೇಳಿ ಮುಗಿಸಿದ ಮೇಲೆಯೇ ಕೋಲುಗಳನ್ನು ಹಂಚುತ್ತೇನೆ.

ಯಾರು ಎಷ್ಟು ಕಲಿತಿದ್ದಾರೆಂದು ತಿಳಿಯಲು ಈಗ ಹಾಡಿಸಿ ಅಂಕ ಕೊಡುವ ಬದಲು ಒಂದು ಮೌನದ ಆಟವನ್ನು ಆಡಿಸುತ್ತೇನೆ. ಎಂಟು ಪೆಟ್ಟುಗಳನ್ನು ನಾನು ಬಾರಿಸುತ್ತೇನೆ, ಮುಂದಿನ ಎಂಟನ್ನು ಎಲ್ಲರೂ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಎಣಿಸಿ, ಅದರ ನಂತರದ ಪೆಟ್ಟಿಗೆ ಒಂದೇ ಚಪ್ಪಾಳೆ ತಟ್ಟಬೇಕು. ಮೊದಲ ದಿನಗಳಲ್ಲಿ ಚಪ್ಪಾಳೆಗಳು ಮಳೆಹನಿಯಂತೆ ಚದುರಿ ಬೀಳುತ್ತವೆ, ಅವುಗಳಲ್ಲಿ ಹೆಚ್ಚಿನವು ಬೇಗನೆ ಬೀಳುತ್ತವೆ, ಏಕೆಂದರೆ ಶಬ್ದವಿಲ್ಲದಾಗ ಎಣಿಕೆ ಓಡುತ್ತದೆ. ಎಣಿಕೆಯ ಜೊತೆಗೆ ಬೆರಳಿನಿಂದ ತೊಡೆಯನ್ನು ಸದ್ದಾಗದಂತೆ ತಟ್ಟಿಕೊಳ್ಳಲು ಬಿಟ್ಟರೆ ಅದು ಬಹುಮಟ್ಟಿಗೆ ಸರಿಹೋಗುತ್ತದೆ. ಮೊದಲ ವರ್ಷ ಗೋಡೆಯ ಬದಿಗೆ ಕೂತಿರುತ್ತಿದ್ದ ಮಕ್ಕಳಲ್ಲಿ ಒಬ್ಬಳು, ನಾಲ್ಕನೆಯ ತರಗತಿಗೆ ಬಂದಾಗ, ಎಂಟರ ಬದಲು ಹದಿನಾರು ಪೆಟ್ಟು ಮೌನವಾಗಿ ಆಡೋಣವೇ ಎಂದು ಕೇಳಿದಳು. ಆಡಿದೆವು, ನಾನೇ ಅರ್ಧ ಪೆಟ್ಟು ಮೊದಲು ಚಪ್ಪಾಳೆ ತಟ್ಟಿಬಿಟ್ಟೆ.